ಆಟ ಹ್ಯಾಂಗಾಯ್ತ್?

2024ರ ಏಪ್ರಿಲ್ 25ರಂದು ಯಕ್ಷಗಾನದ ಭಾಗವತ ಸುಬ್ರಹ್ಮಣ್ಯ ಧಾರೇಶ್ವರ ತೀರಿಕೊಂಡರು. ಗೋಕರ್ಣದ ಕಡೆಯಿಂದ ಬಂದು ಕಿರಿಮಂಜೇಶ್ವರದಲ್ಲಿ ನೆಲೆನಿಂತು, ಪೆರ್ಡೂರು ಮೇಳದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಹಾಡಿದವರು. ಅವರು ಹೋದ ಮೇಲೆ ಎಲ್ಲರ ಬಾಯಲ್ಲೂ ಹೊಗಳಿಕೆಯೇ. ಇದ್ದಾಗ ಹಾಗಿರಲಿಲ್ಲ. ಹೊಸ ಪ್ರಸಂಗಗಳಿಗೆ ಅವರು ಕೂಡಿಸಿದ ರಾಗಗಳನ್ನು ಕೇಳಲೆಂದೇ ದೂರದ ಊರುಗಳಿಂದ ಬರುವವರಿದ್ದರು. ಇದೆಲ್ಲ ಯಕ್ಷಗಾನದ ಮಟ್ಟಲ್ಲ, ಸಂಪ್ರದಾಯ ಕೆಟ್ಟಿತು ಎಂದು ಮುಖ ತಿರುಗಿಸುವವರೂ ಇದ್ದರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಈ ಜಗಳ ಯಾವತ್ತೂ ತಣ್ಣಗಾಗಿಲ್ಲ, ಆಗುವುದೂ ಬೇಡ. ನನ್ನ ಕುತೂಹಲ ಬೇರೆ. ಆಟ ನೋಡಿ ಅದು ಸರಿ, ಇದು ತಪ್ಪು ಎಂದು ಹೇಳುವ ಅಭ್ಯಾಸ ನಮ್ಮಲ್ಲಿ ಹೇಗೆ ಬೆಳೆದು ಬಂತು? ಆ ಮಾತಿಗೆ ಲಗಾಮು ಯಾರ ಕೈಯಲ್ಲಿತ್ತು?

ಮೊದಲ ಲಗಾಮು ಭಾಗವತರ ಕೈಯ ತಾಳದಲ್ಲೇ ಇತ್ತು. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನಲ್ಲಿ ಕಥಾನಾಯಕನ ಪಾತ್ರಕ್ಕೆ ಎರಡನೇ ವೇಷ ಎಂದು ಹೆಸರು. ಒಂದನೇ ವೇಷ ಯಾವುದು ಎಂದು ಕೇಳಿದರೆ ಹಳಬರು ಭಾಗವತರತ್ತ ಕೈ ತೋರಿಸುತ್ತಾರೆ. ಬಣ್ಣ ಹಚ್ಚದೆ, ಗೆಜ್ಜೆ ಕಟ್ಟದೆ, ಹಿಮ್ಮೇಳದಲ್ಲಿ ಕೂತು ಇಡೀ ರಾತ್ರಿಯನ್ನು ನಡೆಸುವವರು ಅವರೇ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಮಾತು ವೇಷಧಾರಿಯದು, ಅದನ್ನು ಅವನು ಅಲ್ಲೇ ಕಟ್ಟಬೇಕು. ಹುರುಪಿನಲ್ಲಿ ಈ ಮಾತು, ಅಂದರೆ ಅರ್ಥ, ಉದ್ದವಾದರೆ, ಹಾಸ್ಯ ದಾರಿ ತಪ್ಪಿದರೆ, ಎದುರು ವೇಷವನ್ನು ಮಾತಿನಲ್ಲೇ ಮುಗಿಸುವ ಚಟ ಹತ್ತಿದರೆ ಭಾಗವತರು ಗದರುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. ಮುಂದಿನ ಪದ್ಯ ಎತ್ತುತ್ತಾರೆ. ಚಂಡೆಗೆ ಪೆಟ್ಟು ಬಿತ್ತೆಂದರೆ ಮಾತು ಅಲ್ಲಿಗೆ ಮುಗಿಯಿತು. ವೇಷಧಾರಿಗೆ ಅವಮಾನವಾಗಲಿಲ್ಲ, ಸಭೆಗೆ ಬೇಸರವಾಗಲಿಲ್ಲ, ಕಥೆಯೂ ನಿಲ್ಲಲಿಲ್ಲ. ಇದಕ್ಕಿಂತ ನಯವಾದ ಕಡಿವಾಣವನ್ನು ನಾನಂತೂ ಬೇರೆ ಯಾವ ಕಲೆಯಲ್ಲೂ ಕಂಡಿಲ್ಲ.

ತಾಳಮದ್ದಳೆಯಲ್ಲಿ ಮಾತಿನ ಕಡಿವಾಣ ಇನ್ನೂ ಸ್ಪಷ್ಟ. ವೇಷವಿಲ್ಲ, ಕುಣಿತವಿಲ್ಲ, ಇರುವುದು ವಾದವೊಂದೇ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಾಣ ತಗಲಿ ಬಿದ್ದಲ್ಲಿಂದಲೇ ರಾಮನನ್ನು ಪ್ರಶ್ನಿಸುತ್ತಿದ್ದುದನ್ನು ಕೇಳಿದವರು ಈಗಲೂ ಅದನ್ನು ನೆನೆಯುತ್ತಾರೆ. ರಾಮನ ಬಾಯಿ ಕಟ್ಟುವಷ್ಟು ವಾದಿಸಲು ವಾಲಿಗೆ ಸ್ವಾತಂತ್ರ್ಯ ಉಂಟು. ಆದರೆ ಕೊನೆಗೆ ಅವನು ಸಾಯಲೇಬೇಕು. ಪ್ರಸಂಗದ ನಡೆಯನ್ನು ಮುರಿಯುವ ಅಧಿಕಾರ ಎಂಥ ಘಟಾನುಘಟಿ ಅರ್ಥಧಾರಿಗೂ ಇಲ್ಲ. ಅರ್ಥಧಾರಿಯ ನಾಲಗೆಗೆ ಅದೂ ಒಂದು ಗಡಿ.

ಎರಡನೇ ಲಗಾಮು ವೇಷ ಕಟ್ಟುವ ಚೌಕಿಯಲ್ಲಿತ್ತು. ಚೌಕಿಯಲ್ಲಿ ಕೂರುವ ಜಾಗಕ್ಕೂ ಕ್ರಮವಿದೆ. ಯಾರು ಅಲ್ಲಿ ಪೂಜೆಗೊಳ್ಳುವ ಗಣಪತಿಗೆ ಹತ್ತಿರ, ಯಾರು ದೂರ ಎಂಬುದು ವೇಷದ ಹಿರಿತನವನ್ನು ಹೇಳುತ್ತದೆ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಎಂದು ಮೆಟ್ಟಿಲು ಹತ್ತುತ್ತ ಬಂದ ಹುಡುಗ ಹೆಜ್ಜೆ ತಪ್ಪಿದರೆ ರಂಗಸ್ಥಳದಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಒಳಗೆ ಬಂದ ಮೇಲೆ ಬೈಗುಳ ಬೀಳುತ್ತಿತ್ತು, ಕೆಲವೊಮ್ಮೆ ಏಟೂ ಬೀಳುತ್ತಿತ್ತು. ಆ ಕಾಲವನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಜಾತಿ, ವಯಸ್ಸು, ಯಜಮಾನರ ಕೃಪೆ ಎಲ್ಲವೂ ಆ ಬೈಗುಳದಲ್ಲಿ ಬೆರೆತಿರುತ್ತಿತ್ತು. ಆದರೂ ಬೈದವರು ಮರುದಿನ ಅದೇ ರಂಗಸ್ಥಳದಲ್ಲಿ ಅದೇ ಹುಡುಗನ ಎದುರು ಕುಣಿಯಬೇಕಿತ್ತು. ಹಾಗಾಗಿ ಹೇಳಿದ ಮಾತಿನ ಹೊಣೆ ಹೇಳಿದವರ ಮೇಲೆಯೇ ಇರುತ್ತಿತ್ತು.

ಸಭೆಯ ತೀರ್ಪಿಗೆ ವೇದಿಕೆ ಕೊಟ್ಟದ್ದು ಜೋಡಾಟ. ಒಂದೇ ಬಯಲಿನಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಸಾಮಾನ್ಯವಾಗಿ ಒಂದೇ ಪ್ರಸಂಗ. ಈಚೆಯ ಅರ್ಜುನ ಪ್ರವೇಶ ಮಾಡಿದರೆ ಆಚೆಯ ಅರ್ಜುನನೂ ಬರಲೇಬೇಕು. ಜನ ಎತ್ತ ಸರಿದರೋ ಅತ್ತ ಗೆಲುವು. ತೀರ್ಪುಗಾರರು ಬೇಡ, ಅಂಕಪಟ್ಟಿ ಬೇಡ. ಬೆಳಗಾಗುವ ಹೊತ್ತಿಗೆ ಯಾವ ಚಂಡೆ ಮೇಲಾಯಿತೆಂದು ಊರಿಗೇ ಗೊತ್ತಾಗುತ್ತಿತ್ತು. ಕಲಾವಿದರ ಕಸುವು ಇದರಿಂದ ಹೆಚ್ಚಿದ್ದು ನಿಜ. ಹಾಗೆಯೇ ಸಭೆಯನ್ನು ಎಳೆಯಬೇಕೆಂದು ಗಿರಕಿಯ ಮೇಲೆ ಗಿರಕಿ ಹಾಕುವ, ಕಥೆ ಮರೆತು ಅಬ್ಬರಿಸುವ ಚಾಳಿಯೂ ಬೆಳೆಯಿತು. ಅಭಿಮಾನಿಗಳ ಮಾತು ಕೈಗೆ ಹೋದದ್ದೂ ಉಂಟು. ಜೋಡಾಟದಲ್ಲಿ ಗೆದ್ದದ್ದೇ ಒಳ್ಳೆಯ ಆಟ ಎಂದು ನಾನು ಒಪ್ಪುವುದಿಲ್ಲ. ಆದರೆ ಅಲ್ಲಿ ಅಭಿಪ್ರಾಯ ಕೊಟ್ಟವನು ಚಳಿಯಲ್ಲಿ ರಾತ್ರಿಯಿಡೀ ಕೂತಿದ್ದ ಎಂಬುದನ್ನೂ ಮರೆಯಲಾರೆ. ಬೆಳಿಗ್ಗೆ ಚಾದಂಗಡಿಯಲ್ಲಿ ಯಾರಾದರೂ "ಆಟ ಹ್ಯಾಂಗಾಯ್ತ್?" ಎಂದರೆ ಅವನ ಹತ್ತಿರ ಉತ್ತರವಿತ್ತು. ಅಳೆಯಲು ಕೋಲೂ ಇತ್ತು: ಇದು ಹಾರಾಡಿಯ ಕ್ರಮ, ಅದು ಮಟಪಾಡಿಯದು ಎಂದು ಬ್ರಹ್ಮಾವರದ ಆಸುಪಾಸಿನ ಎರಡು ಊರುಗಳ ಹೆಸರು ಹಿಡಿದೇ ಕುಣಿತದ ಚರ್ಚೆ ನಡೆಯುತ್ತಿತ್ತು.

ಬಾಯಿಮಾತಿನಲ್ಲಿದ್ದ ಈ ವಿಮರ್ಶೆಯನ್ನು ಪುಸ್ತಕಕ್ಕೆ ತಂದವರಲ್ಲಿ ಕೋಟದ ಶಿವರಾಮ ಕಾರಂತರ ಹೆಸರು ದೊಡ್ಡದು. ಅವರ 'ಯಕ್ಷಗಾನ ಬಯಲಾಟ' 1957ರಲ್ಲಿ ಬಂತು; 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಕಾದಂಬರಿಯಿಂದ ಹೆಸರಾದವರಿಗೆ ಬಯಲಾಟದ ಪುಸ್ತಕಕ್ಕೆ ಆ ಪ್ರಶಸ್ತಿ! ಹಳೆಯ ರಾಗಗಳು ಕಳೆದುಹೋಗುತ್ತಿವೆ, ನಾಟಕ ಕಂಪನಿಗಳ ಪೋಷಾಕು ಒಳಹೊಕ್ಕಿದೆ, ಮಾತು ಕುಣಿತವನ್ನು ನುಂಗಿದೆ ಎಂದು ಕಾರಂತರು ಮುಲಾಜಿಲ್ಲದೆ ಬರೆದರು. ಬರೆದು ಸುಮ್ಮನಿರುವ ಜಾಯಮಾನ ಅವರದಲ್ಲ. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಶುರುವಾದಾಗ ಪ್ರೊ. ಕು.ಶಿ. ಹರಿದಾಸ ಭಟ್ಟರ ಜೊತೆ ಅವರೂ ಇದ್ದರು. ಮುಂದೆ ತಮ್ಮ ಪ್ರಯೋಗಗಳಲ್ಲಿ ಮಾತನ್ನೇ ತೆಗೆದುಹಾಕಿದರು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು, ರಾತ್ರಿಯಿಡೀ ನಡೆಯುವುದನ್ನು ಕೆಲವೇ ಗಂಟೆಗೆ ಇಳಿಸಿದರು. ಊರಿಗೆಲ್ಲ ತಪ್ಪು ತೋರಿಸಿದವರ ಮೇಲೆ ಈಗ ಊರೇ ತಿರುಗಿಬಿತ್ತು. ಮಾತಿಲ್ಲದ ಮೇಲೆ ಅದೆಂಥ ಆಟ? ಕಾರಂತರು ಬಗ್ಗಲಿಲ್ಲ, ಎದುರಾಳಿಗಳೂ ಬಗ್ಗಲಿಲ್ಲ. ಯಾರು ಗೆದ್ದರು ಎಂಬುದು ನನಗೆ ಮುಖ್ಯವಲ್ಲ. ಎರಡೂ ಕಡೆಯವರು ಯಾವ ವೇಷ, ಯಾವ ರಾಗ, ಯಾವ ಆಭರಣ ಎಂದು ಹೆಸರು ಹಿಡಿದು ವಾದಿಸಬಲ್ಲವರಾಗಿದ್ದರು. ವಿಮರ್ಶೆಯ ಮಟ್ಟ ಏರಿದ್ದು ಹಾಗೆ.

ಪತ್ರಿಕೆಗಳು ಈ ವಿಮರ್ಶೆಗೆ ಅಂಗಳ ಒದಗಿಸಿದವು. 1970ರಲ್ಲಿ ಮಣಿಪಾಲದಿಂದ ಹೊರಟ 'ಉದಯವಾಣಿ'ಯಲ್ಲಿ ಆಟ, ತಾಳಮದ್ದಳೆ ಕೂಟಗಳ ವಿಮರ್ಶೆ ಓದುವುದು ಕರಾವಳಿಯ ಮನೆಗಳಲ್ಲಿ ರೂಢಿಯಾಯಿತು. ಬರೆದವನ ಹೆಸರು ಕೆಳಗೆ ಇರುತ್ತಿತ್ತು. ಒಪ್ಪದವರು ಮುಂದಿನ ವಾರ ಪತ್ರ ಬರೆಯುತ್ತಿದ್ದರು. ಯಾವ ಪತ್ರ ಹಾಕಬೇಕು, ಯಾವುದನ್ನು ಬುಟ್ಟಿಗೆ ಎಸೆಯಬೇಕು ಎಂಬುದನ್ನು ಸಂಪಾದಕರು ನೋಡಿಕೊಳ್ಳುತ್ತಿದ್ದರು. ಡಾ. ಎಂ. ಪ್ರಭಾಕರ ಜೋಶಿಯವರಂಥ ಅರ್ಥಧಾರಿಗಳೇ ವಿಮರ್ಶಕರೂ ಆದರು. ಅವರ 'ಯಕ್ಷಗಾನ ಪದಕೋಶ', ಡಾ. ಕೆ.ಎಂ. ರಾಘವ ನಂಬಿಯಾರರ 'ಹಿಮ್ಮೇಳ'ದಂಥ ಪುಸ್ತಕಗಳು ಬಂದ ಮೇಲೆ "ಏನೋ ಸರಿ ಇಲ್ಲ" ಎಂದು ಗೊಣಗುತ್ತಿದ್ದವನಿಗೂ ಏನು ಸರಿ ಇಲ್ಲ ಎಂದು ಹೇಳಲು ಪರಿಭಾಷೆ ಸಿಕ್ಕಿತು.

ಅಷ್ಟರಲ್ಲಿ ಡೇರೆ ಮೇಳಗಳು ಬಂದಿದ್ದವು. ಟಿಕೆಟ್ ಕೊಂಡವನ ಸಿಳ್ಳೆಗೆ ಬೆಲೆ ಬಂತು. ಗುಂಡ್ಮಿಯ ಭಾಗವತ ಕಾಳಿಂಗ ನಾವಡರ ಕಂಠ ಕ್ಯಾಸೆಟ್ ಹತ್ತಿ ಮನೆಮನೆಗೆ ಹೋಯಿತು. 1990ರಲ್ಲಿ ಅಪಘಾತದಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಬಡಗಿನ ದೊಡ್ಡ ತಾರೆ. ನಾವಡರೂ ಧಾರೇಶ್ವರರೂ ಭಾಗವತ ನಾರ್ಣಪ್ಪ ಉಪ್ಪೂರರ ಗರಡಿಯವರು. ಒಬ್ಬನೇ ಗುರುವಿನ ಇಬ್ಬರು ಶಿಷ್ಯರೂ ಗುರುವಿನಂತೆ ಹಾಡಲಿಲ್ಲ, ಇಬ್ಬರೂ ಅದಕ್ಕಾಗಿ ಬೈಸಿಕೊಂಡರು, ಇಬ್ಬರನ್ನೂ ಇವತ್ತು ಸಂಪ್ರದಾಯವೆಂದೇ ಉದಾಹರಿಸುತ್ತಾರೆ. ಅವತ್ತು ಬೈದವರನ್ನು ದಡ್ಡರೆನ್ನಲಾರೆ. ಅವರು ಉಪ್ಪೂರರನ್ನು ಕೇಳಿ ಬಂದವರು, ಹೋಲಿಸಿ ಹೇಳಿದವರು.

ಈಗ ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ತುಣುಕು ಬರುತ್ತದೆ. ಕೆಳಗೆ ಸೂಪರ್ ಎಂಬ ಹೊಗಳಿಕೆ, ಇಲ್ಲವಾದರೆ ಕಲಾವಿದನ ಮನೆಮಂದಿಯನ್ನೂ ಬಿಡದ ಬೈಗುಳ. ಎರಡರಿಂದಲೂ ಬೆಳಗಿನ ಜಾವದ ಪ್ರವೇಶಕ್ಕೆ ಕಾದಿರುವ ಎಳೆಯ ವೇಷಧಾರಿಗೆ ಕವಡೆ ಕಾಸಿನ ಪ್ರಯೋಜನವಿಲ್ಲ. ಪದ್ಯ ಎತ್ತುವ ಭಾಗವತರು ಅಲ್ಲಿಲ್ಲ, ಪತ್ರ ಆರಿಸುವ ಸಂಪಾದಕರೂ ಇಲ್ಲ. ಇಂಥ ತುಣುಕು ಹಂಚುವ ಮೊಬೈಲ್ ಗುಂಪುಗಳನ್ನು ನಡೆಸುವವರಲ್ಲಿ ನನ್ನದೊಂದು ಕೋರಿಕೆ: ಇಡೀ ಪ್ರಸಂಗ ನೋಡದವರ ತೀರ್ಪನ್ನು ಹಾಕಬೇಡಿ, ಹೆಸರಿಲ್ಲದ ಬೈಗುಳವನ್ನು ತೆಗೆದುಬಿಡಿ. ಪ್ರೇಕ್ಷಕರಲ್ಲಿ ಇನ್ನೊಂದು: ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟಾಗ ಒಂದಾದರೂ ಆಟವನ್ನು ಮಂಗಳದವರೆಗೆ ನೋಡಿ. ಯಾವ ಪದ್ಯ ಹಿಡಿಸಿತು, ಯಾವ ಹೆಜ್ಜೆ ಜಾರಿತು ಎಂಬುದನ್ನು ಚೌಕಿಗೆ ಹೋಗಿ ಕಲಾವಿದರಿಗೇ ಹೇಳಿ.