ಗೊಂಬೆಗಳ ಕಾಳಗ

ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ಮುದಗಲ್ಲಿನವರಿಗೆ ಯುದ್ಧದ ಕಥೆ ಹೊಸದಲ್ಲ. ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು ಈ ನೆಲಕ್ಕಾಗಿ ತಲೆಮಾರುಗಳ ಕಾಲ ಕಾದಾಡಿದರು. ನಮ್ಮೂರ ಕೋಟೆ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಬೇರೊಂದು ಬಗೆಯ ಕಾಳಗವನ್ನು ಕುರಿತು. ಅದು ಮೇಜಿನ ಮೇಲೆ ಗೇಣುದ್ದದ ಗೊಂಬೆಗಳ ನಡುವೆ ಒಂದು ಹನಿ ರಕ್ತವೂ ಚೆಲ್ಲದೆ ನಡೆಯುವಂಥದು. ಅದನ್ನು ನಡೆಸುವವನಿಗೆ ಬೇಕಾದ ಮುಖ್ಯ ಆಯುಧ ತಾಳ್ಮೆ.

ಸ್ಟಾಪ್ ಮೋಷನ್ ಎಂಬ ಚಲನಚಿತ್ರ ವಿಧಾನವನ್ನು ನಮ್ಮಲ್ಲಿ ಹಲವರು ಬಲ್ಲರು. ಗೊಂಬೆಯನ್ನು ನಿಲ್ಲಿಸಿ ಒಂದು ಚಿತ್ರ ತೆಗೆಯುವುದು. ಅದರ ಕೈಯನ್ನು ಎಳ್ಳಷ್ಟು ಸರಿಸಿ ಮತ್ತೊಂದು ಚಿತ್ರ ತೆಗೆಯುವುದು. ಹೀಗೆ ತೆಗೆದ ಬಿಡಿಚಿತ್ರಗಳನ್ನು ಒಂದರ ಹಿಂದೊಂದರಂತೆ ವೇಗವಾಗಿ ಓಡಿಸಿದರೆ ಜಡವಾದ ಗೊಂಬೆ ಚಲಿಸಿದಂತೆ ಕಾಣುತ್ತದೆ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಬಿಡಿಚಿತ್ರಗಳು. ಒಂದೊಂದು ಭಂಗಿಯನ್ನೂ ಎರಡೆರಡು ಸಲ ಹಿಡಿದು ಶ್ರಮ ಉಳಿಸಿಕೊಂಡರೂ ಸೆಕೆಂಡಿಗೆ 12 ಭಂಗಿಗಳು, ನಿಮಿಷಕ್ಕೆ 720 ಭಂಗಿಗಳು ಬೇಕು. ಕಾದಾಡುವವರು ಇಬ್ಬರಾದರೆ ಆ ಶ್ರಮವೂ ಇಮ್ಮಡಿಯಾಗುತ್ತದೆ.

ಈ ಕಲೆಯ ಆರಂಭದ ದಿನಗಳಲ್ಲಿಯೇ ಒಂದು ಕಾಳಗದ ಪ್ರಸಂಗವಿದೆ. ಲಿಥುವೇನಿಯಾ ದೇಶದ ಕೌನಾಸ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದ ಲಾದಿಸ್ಲಾಸ್ ಸ್ತಾರೆವಿಚ್ ಎಂಬಾತ 1910ರ ಸುಮಾರಿನಲ್ಲಿ, ಜಿಂಕೆಯ ಕೊಂಬಿನಂತಹ ದವಡೆಗಳುಳ್ಳ ಗಂಡು ದುಂಬಿಗಳ ಹೋರಾಟವನ್ನು ಚಿತ್ರೀಕರಿಸಲು ಹೊರಟ. ಅವು ಇರುಳಿನ ಜೀವಿಗಳು. ಪ್ರಖರವಾದ ದೀಪ ಹೊತ್ತಿಸಿದೊಡನೆ ಕದಲದೆ ಬಿದ್ದುಕೊಂಡವು. ಆಗ ಆತ ಸತ್ತ ದುಂಬಿಗಳಿಗೆ ತಂತಿಯ ಕಾಲುಗಳನ್ನು ಜೋಡಿಸಿ, ಒಂದೊಂದೇ ಚಿತ್ರ ತೆಗೆಯುತ್ತ ಅವುಗಳನ್ನು ಕಾದಾಡಿಸಿದ. 1912ರಲ್ಲಿ ದುಂಬಿಗಳ ಯುದ್ಧದ ಕಥೆಯನ್ನೇ ಆತ ತೆರೆಗೆ ತಂದಾಗ, ಇವು ಪಳಗಿಸಿದ ಜೀವಂತ ಕೀಟಗಳೇ ಇರಬೇಕೆಂದು ನಂಬಿದವರೂ ಇದ್ದರಂತೆ. ಬದುಕಿದ್ದವು ಕಾದಾಡಲೊಲ್ಲದೆ ಹೋದವು. ಸತ್ತವು ಕಾದಾಡಿ ಜನರನ್ನು ಬೆರಗುಗೊಳಿಸಿದವು.

ಹಾಗಾದರೆ ಜೀವವಿಲ್ಲದ ವಸ್ತುವಿನ ಹೊಡೆತ ನಮಗೆ ನಿಜವೆನ್ನಿಸುವುದು ಹೇಗೆ? ಕಳೆದ ಬೇಸಗೆಯ ರಜೆಗೆ ಬಂದಿದ್ದ ನನ್ನ ಮೊಮ್ಮಗ ಮೊಬೈಲ್ ಫೋನನ್ನು ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಸಿ, ಪ್ಲಾಸ್ಟಿಕ್ಕಿನ ಇಬ್ಬರು ಯೋಧರನ್ನು ಕಾದಾಡಿಸುವ ಉದ್ಯೋಗ ಹೂಡಿದ್ದ. ಇಡೀ ಒಂದು ಮಧ್ಯಾಹ್ನ ದುಡಿದು, ತೆಗೆದುದನ್ನು ಓಡಿಸಿ ನೋಡಿ, ಮುಖ ಸಣ್ಣದು ಮಾಡಿಕೊಂಡು, “ಅಜ್ಜಾ, ಇವ್ರು ಹೊಡದಾಡವಲ್ರು, ಬರೇ ಕೈ ಬೀಸ್ತಾರ” ಎಂದ. ನಾನೂ ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು. ಪ್ರತಿಯೊಂದು ಚಿತ್ರಕ್ಕೂ ಕೈಯನ್ನು ಸಮಸಮನಾದ ದೂರಕ್ಕೆ ಸರಿಸಿದ್ದರಿಂದ ಖಡ್ಗ ಗಡಿಯಾರದ ಮುಳ್ಳಿನಂತೆ ತಿರುಗುತ್ತಿತ್ತು.

ನಮ್ಮ ದೇಹ ಹಾಗೆ ಹೊಡೆಯುವುದಿಲ್ಲ. ಕೊಡಲಿ ಎತ್ತಿದವನನ್ನು ನೋಡಿರಿ. ಮುಂದಕ್ಕೆ ಬೀಸುವ ಮುನ್ನ ಅವನು ಹಿಂದಕ್ಕೆ ಬಾಗುತ್ತಾನೆ. ಮೈಭಾರವೆಲ್ಲ ಹಿಂಗಾಲಿಗೆ ಬರುತ್ತದೆ. ಮೇಲೆತ್ತಿದ ಕೊಡಲಿ ಒಂದು ಕ್ಷಣ ತಡೆದು ನಿಲ್ಲುತ್ತದೆ. ಗೊಂಬೆಯಲ್ಲಿಯೂ ಈ ಸಿದ್ಧತೆಗೆ ಹಲವು ಚಿತ್ರಗಳನ್ನು ಧಾರಾಳವಾಗಿ ಕೊಡಬೇಕು. ಹೊಡೆತಕ್ಕಾದರೋ ಒಂದೆರಡು ಚಿತ್ರ ಸಾಕು. ಅಲ್ಲಿ ಕೈ ಒಮ್ಮೆಗೇ ಬಹುದೂರ ಹಾರಬೇಕು. ಆಯುಧ ಮೈಗೆ ತಗಲುವ ಗಳಿಗೆಯನ್ನು ತೋರಿಸಬೇಕಾದ ಅಗತ್ಯವೇ ಇಲ್ಲ. ಎತ್ತಿದ ಕೈಯನ್ನು ಕಂಡು, ಮರುಕ್ಷಣವೇ ಇಳಿದ ಕೈಯನ್ನು ಕಂಡರೆ, ನಡುವಣ ಪೆಟ್ಟನ್ನು ನೋಡುಗನ ಮನಸ್ಸೇ ಹೊಡೆದುಕೊಳ್ಳುತ್ತದೆ. ಹೇಳದೆ ಬಿಟ್ಟುದನ್ನು ಓದುಗನಲ್ಲಿ ಹೊಳೆಯಿಸುವುದನ್ನು ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದರು. ಇಲ್ಲಿಯೂ ಅದರ ನೆರಳನ್ನು ಕಾಣಬಹುದು.

ಇಷ್ಟಾದರೂ ಕಾಳಗ ಪೂರ್ಣವಾಗದು. ಪೆಟ್ಟಿನ ತೂಕವನ್ನು ನಿರ್ಧರಿಸುವವನು ಹೊಡೆದವನಲ್ಲ, ಹೊಡೆಸಿಕೊಂಡವನು. ಅವನ ತಲೆ ಮೊದಲು ಹಿಂದಕ್ಕೆ ಹೋಗಬೇಕು, ಆಮೇಲೆ ಎದೆ, ಆಮೇಲೆ ತಡವರಿಸುವ ಕಾಲು. ಬಿದ್ದವನು ಏಳುವಾಗ ನೆಲಕ್ಕೆ ಕೈಯೂರಬೇಕು, ಮಂಡಿ ಮಡಚಬೇಕು. ಇಂತಹ ಓರೆಯಾದ ಭಂಗಿಗಳಲ್ಲಿ ಗೊಂಬೆ ತಾನಾಗಿ ನಿಲ್ಲದಾದುದರಿಂದ ಪಾದಗಳನ್ನು ಹಲಗೆಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಮಕ್ಕಳ ಗೊಂಬೆಗಳಾದರೆ ಜೇಡಿಮಣ್ಣಿನ ಸಣ್ಣ ಉಂಡೆಯೂ ಸಾಕು. ಮೇಲಕ್ಕೆ ನೆಗೆಯುವವನನ್ನು ಸಣ್ಣ ತಂತಿಯಿಂದ ತೂಗಿಬಿಡುತ್ತಾರೆ. ನನ್ನ ಮೊಮ್ಮಗ ಮರುದಿನ ಹೊಡೆಯುವ ಯೋಧನನ್ನು ಬಿಟ್ಟು, ಪೆಟ್ಟು ತಿನ್ನುವವನ ಕಡೆಗೆ ಗಮನ ಕೊಟ್ಟ. ಅಂದಿನ ಕಾಳಗ ಕಾಳಗದಂತೆ ಕಂಡಿತು.

ಸೋತವನಿಗೆ ಸಲ್ಲಬೇಕಾದ ಈ ಗಮನ ಕನ್ನಡ ಓದುಗರಿಗೆ ಅಪರಿಚಿತವಲ್ಲ. ಹತ್ತನೆಯ ಶತಮಾನದ ರನ್ನ ತನ್ನ ಗದಾಯುದ್ಧದಲ್ಲಿ ಭೀಮನನ್ನು ನಾಯಕನನ್ನಾಗಿ ಮಾಡಿ, ಅವನನ್ನು ತನಗೆ ಆಶ್ರಯವಿತ್ತ ಚಾಳುಕ್ಯರ ಸತ್ಯಾಶ್ರಯನೊಡನೆ ಸಮೀಕರಿಸಿದ. ಆದರೂ ಕಾವ್ಯ ಮುಗಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಬೀಳುವವನ ಘನತೆಯಿಂದಲೇ ಗೆದ್ದವನ ಗೆಲುವಿಗೆ ಬೆಲೆ ಬಂದಿತು.

ನಮ್ಮ ಸೀಮೆಯ ತೊಗಲುಗೊಂಬೆಯಾಟದವರೂ ಇದನ್ನು ಬಲ್ಲರು. ಹಿಂದೆ ರಾಯಚೂರು ಜಿಲ್ಲೆಗೇ ಸೇರಿದ್ದು, 1997ರಿಂದ ಕೊಪ್ಪಳ ಜಿಲ್ಲೆಯಲ್ಲಿರುವ ಮೊರನಾಳ ಗ್ರಾಮ ಈ ಕಲೆಗೆ ಹೆಸರಾದುದು. ಅಲ್ಲಿಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಪುರಸ್ಕಾರ ದೊರೆಯಿತು. ಬಿಳಿಯ ಪರದೆ, ಅದರ ಹಿಂದೊಂದು ದೀಪ, ಬಣ್ಣ ಹಚ್ಚಿದ ಹದಗೊಳಿಸಿದ ತೊಗಲು: ಇಷ್ಟರಿಂದಲೇ ರಾಮಾಯಣ ಮಹಾಭಾರತಗಳ ಯುದ್ಧಗಳು ನಡೆಯುತ್ತವೆ. ಗೊಂಬೆಯನ್ನು ಪರದೆಗೆ ಒತ್ತಿದರೆ ಅದರ ಗೆರೆ ಸ್ಫುಟವಾಗುತ್ತದೆ. ದೀಪದ ಕಡೆಗೆ ಸೆಳೆದರೆ ನೆರಳು ಹಿಗ್ಗಿ ಮಸುಕಾಗುತ್ತದೆ. ಇಲ್ಲಿ ಚಲನೆ ಆ ಕ್ಷಣದ್ದು, ಅಲ್ಲಿ ಬಿಡಿಬಿಡಿಯಾಗಿ ಕೂಡಿಸಿದ್ದು; ಆದರೂ ಇವೆರಡಕ್ಕೂ ಒಂದು ನಂಟಿದೆ. ಎರಡು ಕೈಗಳಲ್ಲಿ ಇಬ್ಬರು ವೈರಿಗಳನ್ನು ಹಿಡಿದವನಿಗೆ ಪಕ್ಷವಿಲ್ಲ. ಬಾಣ ಬಿಡುವವನೂ ಅವನೇ, ಬಾಣ ತಗಲಿ ಒರಗುವವನೂ ಅವನೇ.

ರೇ ಹ್ಯಾರಿಹೌಸನ್ ಎಂಬ ಅಮೆರಿಕದ ಕಲಾವಿದ 1963ರ ‘ಜೇಸನ್ ಅಂಡ್ ದ ಆರ್ಗೊನಾಟ್ಸ್’ ಚಿತ್ರದಲ್ಲಿ ಮೂವರು ಮನುಷ್ಯರೊಡನೆ ಏಳು ಅಸ್ಥಿಪಂಜರಗಳನ್ನು ಕಾದಾಡಿಸಿದ. ನಟರು ಮೊದಲು ಸಾಹಸ ಕಲಾವಿದರನ್ನು ಎದುರಿಗಿಟ್ಟುಕೊಂಡು, ಎಣಿಕೆ ಹಾಕಿ ಕತ್ತಿವರಸೆ ಅಭ್ಯಾಸ ಮಾಡಿದರು. ಬಳಿಕ ಅದನ್ನೇ ಬರಿಯ ಗಾಳಿಯೊಡನೆ ಅಭಿನಯಿಸಿದರು. ಆ ಗಾಳಿಯ ಜಾಗದಲ್ಲಿ ಗೊಂಬೆಗಳನ್ನು ಕೂರಿಸಲು ಹ್ಯಾರಿಹೌಸನ್ ಒಬ್ಬನೇ ಸುಮಾರು ನಾಲ್ಕೂವರೆ ತಿಂಗಳು ದುಡಿದ. ತೆರೆಯ ಮೇಲೆ ಅದು ಕೆಲವೇ ನಿಮಿಷಗಳ ದೃಶ್ಯ.

ಇಂದು ಗಣಕಯಂತ್ರದಿಂದ ಸಾವಿರಾರು ಯೋಧರನ್ನು ಸುಲಭವಾಗಿ ಹೊಡೆದುರುಳಿಸಬಹುದು. ನಮ್ಮ ಮಕ್ಕಳು ದಿನವೂ ಅಂಗೈಯಗಲದ ಪರದೆಯಲ್ಲಿ ಅಂತಹ ಕಾಳಗಗಳನ್ನು ನೋಡುತ್ತಾರೆ, ಆಡುತ್ತಾರೆ. ಬಿದ್ದವನು ಕಣ್ಣಿಗೆ ಬೀಳದೆಯೇ ಮರೆಯಾಗುತ್ತಾನೆ. ಇದರಿಂದ ಮಕ್ಕಳು ಕೆಟ್ಟೇ ಹೋಗುತ್ತಾರೆಂದು ನಾನು ಹೇಳಲಾರೆ. ಆದರೆ ಗೊಂಬೆಗಳ ಕಾಳಗವನ್ನು ತನ್ನ ಕೈಯಾರೆ ನಡೆಸಿದ ಮಗು ಬೇರೆಯದನ್ನು ಕಲಿಯುತ್ತದೆ. ಒಂದು ಪೆಟ್ಟು ಬೀಳಬೇಕಾದರೆ ಪೆಟ್ಟು ತಿಂದವನ ಕುತ್ತಿಗೆ ಎತ್ತ ವಾಲುತ್ತದೆ, ಕಾಲು ಎಲ್ಲಿ ಎಡವುತ್ತದೆ ಎಂಬುದನ್ನು ಅದು ಅರ್ಧ ತಾಸು ಕುಳಿತು ಯೋಚಿಸಬೇಕಾಗುತ್ತದೆ. ಪರರ ನೋವನ್ನು ಅಷ್ಟು ಹೊತ್ತು ಯೋಚಿಸುವ ಅವಕಾಶ ದೊಡ್ಡವರಾದ ನಮಗೂ ಅಪರೂಪವೇ. ಮನೆಯಲ್ಲಿ ಮಕ್ಕಳು ಹಳೆಯ ಗೊಂಬೆಗಳನ್ನು ಹರಡಿಕೊಂಡು ಈ ಆಟಕ್ಕೆ ಕುಳಿತರೆ, ದಯವಿಟ್ಟು ಮೇಜನ್ನು ತೆರವು ಮಾಡಿಸಬೇಡಿ, ದೀಪವನ್ನೂ ಕದಲಿಸಬೇಡಿ. ಬೆಳಕು ಬದಲಾದರೆ ಆವರೆಗಿನ ಕೆಲಸವೆಲ್ಲ ವ್ಯರ್ಥ.