ಅರಿವಳಿಕೆ ಕೊಡುವ ಮುಂಚೆ ಡಾಕ್ಟರಿಗೆ ಹೇಳಬೇಕಾದ ಒಂದು ಮಾತು



ಔಷಧ ಒಂದೇ, ಡೋಸ್ ಕೂಡ ಒಂದೇ. ಒಬ್ಬರಿಗೆ ಹತ್ತು ನಿಮಿಷದಲ್ಲಿ ಅದರ ಪ್ರಭಾವ ಇಳಿದುಹೋಗುತ್ತೆ, ಇನ್ನೊಬ್ಬರಿಗೆ ಗಂಟೆಗಟ್ಟಲೆ ಇಳಿಯೋದೇ ಇಲ್ಲ. ಯಾಕೆ ಹೀಗೆ? ಇದಕ್ಕೆ ನಮ್ಮ ಹೈದರಾಬಾದಿನಲ್ಲೇ ಒಂದು ಒಳ್ಳೆ ಉದಾಹರಣೆ ಇದೆ.

ದೊಡ್ಡ ಆಪರೇಷನ್‌ಗಳಲ್ಲಿ ರೋಗಿಗೆ ಅರಿವಳಿಕೆ ಕೊಟ್ಟು, ಗಂಟಲಿನ ಮೂಲಕ ಉಸಿರಾಟದ ನಳಿಕೆ ಇಳಿಸ್ತಾರೆ. ಅದಕ್ಕೆ ಸ್ನಾಯುಗಳು ಸಡಿಲ ಆಗಬೇಕು. ಹಾಗೆ ಸಡಿಲಗೊಳಿಸುವ ಔಷಧಗಳಲ್ಲಿ ಒಂದು ಸಕ್ಸಿನೈಲ್‌ಕೋಲಿನ್. ಸುಮಾರು ಒಂದು ನಿಮಿಷದಲ್ಲಿ ಕೆಲಸ ಶುರು, ಹತ್ತು ನಿಮಿಷದ ಹೊತ್ತಿಗೆ ಮುಗೀತು. ಮುಗಿಸೋದು ಯಾರು? ನಮ್ಮ ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಬ್ಯುಟಿರೈಲ್‌ಕೋಲಿನೆಸ್ಟರೇಸ್ ಅನ್ನೋ ಕಿಣ್ವ. ಅದು ಔಷಧವನ್ನ ಒಡೆದುಹಾಕುತ್ತೆ.

ಕೆಲವರಲ್ಲಿ ಈ ಕಿಣ್ವವನ್ನು ರೂಪಿಸುವ ಜೀನ್‌ನಲ್ಲೇ ದೋಷ ಇರುತ್ತೆ. ದಿನನಿತ್ಯದ ಬದುಕಿನಲ್ಲಿ ಅವರಿಗೆ ಏನೂ ತೊಂದರೆ ಇಲ್ಲ, ಆರೋಗ್ಯವಾಗೇ ಇರ್ತಾರೆ. ಆದರೆ ಈ ಔಷಧ ಮೈಗೆ ಹೋದ ದಿನ ಕಥೆ ಬೇರೆ. ಆಪರೇಷನ್ ಮುಗಿದರೂ ಎದೆಯ ಸ್ನಾಯುಗಳು ಏಳೋದಿಲ್ಲ, ಸ್ವಂತ ಉಸಿರು ಬರೋದಿಲ್ಲ. ಔಷಧ ತಾನಾಗೇ ಇಳಿಯುವವರೆಗೆ, ಗಂಟೆಗಟ್ಟಲೆ, ವೆಂಟಿಲೇಟರೇ ಗತಿ.

ಈ ದೋಷ ದಕ್ಷಿಣ ಭಾರತದ ವೈಶ್ಯ ಸಮುದಾಯದಲ್ಲಿ ಹೆಚ್ಚು ಅಂತ ಅರಿವಳಿಕೆ ತಜ್ಞರಿಗೆ ಮೊದಲಿಂದಲೂ ಅನುಭವ ಇತ್ತು. ಕಾರಣ ವಿವರಿಸಿದ್ದು ಹಬ್ಸಿಗುಡದ ಸಿಸಿಎಂಬಿ ವಿಜ್ಞಾನಿ ಕೆ. ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೈಕ್ ಮತ್ತವರ ತಂಡ. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ 2,800ಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿ 2017ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ಬರೆದರು. ವೈಶ್ಯರಲ್ಲಿ ಈ ಕಿಣ್ವದ ಕೊರತೆ ಬೇರೆಯವರಿಗಿಂತ ಸುಮಾರು 100 ಪಟ್ಟು ಹೆಚ್ಚು ಅಂತ ಅದರಲ್ಲಿದೆ.

ಯಾಕಪ್ಪಾ ಅಂದ್ರೆ, ಬಹಳ ಹಿಂದೆ ಕೆಲವೇ ಪೂರ್ವಜರಿಂದ ಬೆಳೆದ ಸಮುದಾಯ, ಆಮೇಲೆ ಒಳಗೊಳಗೇ ಮದುವೆ. ಆ ಕೆಲವರಲ್ಲಿ ಒಬ್ಬರಿಗೆ ಇದ್ದ ದೋಷ ಇವತ್ತು ಲಕ್ಷಾಂತರ ಜನರ ನಡುವೆ ಹರಡಿಕೊಂಡಿರಬಹುದು. ಅಪ್ಪ, ಅಮ್ಮ ಇಬ್ಬರಿಂದಲೂ ಅದು ಬಂದರೆ ಮಾತ್ರ ದೊಡ್ಡ ತೊಂದರೆ.

ಇಲ್ಲಿ ತಪ್ಪು ತಿಳ್ಕೋಬೇಡಿ. ಇದು ಯಾವುದೇ ಜಾತಿಗೆ ಅಂಟಿಸುವ ಹಣೆಪಟ್ಟಿ ಅಲ್ಲ. ಆ ಸಮುದಾಯದಲ್ಲೂ ಬಹುತೇಕರಿಗೆ ಈ ಸಮಸ್ಯೆ ಇಲ್ಲ. ಬೇರೆ ಸಮುದಾಯಗಳಲ್ಲೂ ಅಪರೂಪಕ್ಕೆ ಇದೆ. ಒಳಗೊಳಗೇ ಮದುವೆಯಾಗುವ ಪ್ರತಿ ಗುಂಪಿಗೂ ಅದರದ್ದೇ ಆದ ಇಂಥ ಒಂದು ಗುಟ್ಟು ಇರಬಹುದು.

ಹಾಗಾದ್ರೆ ನಾವೇನು ಮಾಡಬೇಕು? ಆಪರೇಷನ್ ಬೇಡ ಅಂತ ಹೆದರಿ ಕೂರಬೇಡಿ. ಮನೆಯಲ್ಲಿ ಹಿರಿಯರನ್ನು ಕೇಳಿ: “ನಮ್ಮಲ್ಲಿ ಯಾರಿಗಾದ್ರೂ ಆಪರೇಷನ್ ಆದಮೇಲೆ ಉಸಿರು ಬರೋದು ತಡ ಆಗಿತ್ತಾ?” ಆಗಿತ್ತು ಅಂದ್ರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ. ಒಡಹುಟ್ಟಿದವರಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಿಣ್ವದ ಮಟ್ಟ ತಿಳಿಯೋಕೆ ರಕ್ತಪರೀಕ್ಷೆ ಇದೆ. ಕೊರತೆ ಇದ್ದರೆ ರೋಕ್ಯುರೋನಿಯಂನಂಥ ಬೇರೆ ಔಷಧ ಬಳಸ್ತಾರೆ. ಅದಕ್ಕೆ ಈ ಕಿಣ್ವದ ಹಂಗಿಲ್ಲ.

“ಆವತ್ತು ಅತ್ತೆಗೆ ಎಚ್ಚರ ಆಗೋದು ಯಾಕೋ ತಡ ಆಯ್ತು” ಅಂತ ಮನೆಯಲ್ಲಿ ಆಡಿಕೊಂಡು ಮರೆತ ಮಾತು, ಮುಂದೆ ಅವರ ಮಗಳ ಉಸಿರನ್ನ ಕಾಯಬಹುದು. ಕೇಳಿ, ಬರೆದಿಟ್ಟುಕೊಳ್ಳಿ.

ಮತ್ತೆ ಸಿಗೋಣ.