ನಾಲ್ಕೂ ಕಾಲು ನೆಲದ ಮೇಲೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಲಿಫ್ಟ್ ಬಾಗಿಲಲ್ಲಿ, ಮೈಸೂರಿನ ಬಡಾವಣೆಗಳ ಗೇಟಿನಲ್ಲಿ ದಿನವೂ ಕೇಳಿಬರುವ ಮಾತೊಂದಿದೆ: ‘ಏನೂ ಮಾಡಲ್ಲ ಸಾರ್, ತುಂಬಾ ಫ್ರೆಂಡ್ಲಿ.’ ಅಷ್ಟರಲ್ಲಿ ಎಂಟು–ಹತ್ತು ತಿಂಗಳ ಲ್ಯಾಬ್ರಡಾರ್ ಎದುರಿಗಿದ್ದವರ ಎದೆಗೆ ಎರಡೂ ಮುಂಗಾಲು ಊರಿ ಮುಖ ನೆಕ್ಕಲು ನೋಡುತ್ತಿರುತ್ತದೆ. ಮಾಲೀಕರ ಮಾತು ಸುಳ್ಳಲ್ಲ. ಆ ನಾಯಿಗೆ ಕಚ್ಚುವ ಯೋಚನೆಯೇ ಇರುವುದಿಲ್ಲ. ಆದರೆ ಪೂರ್ಣ ಬೆಳೆದ ಗಂಡು ಲ್ಯಾಬ್ರಡಾರ್ 29ರಿಂದ 36 ಕಿಲೋ ತೂಗುತ್ತದೆ, ಎಂಟು ತಿಂಗಳಿಗೇ ಅದರ ಬಹುಪಾಲು ತೂಕ ಬಂದಿರುತ್ತದೆ. ಅಷ್ಟು ಭಾರ ಓಡಿ ಬಂದು ಮೈಮೇಲೆ ಬಿದ್ದರೆ ಮೂಳೆ ಸವೆದ ಅಜ್ಜಿಯ ಸೊಂಟ ಮುರಿಯಲು ನಾಯಿಗೆ ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ರೇಬಿಸ್ ಇನ್ನೂ ಜನರನ್ನು ಕೊಲ್ಲುತ್ತಿರುವ ದೇಶದಲ್ಲಿ ಪರಿಚಯವಿಲ್ಲದ ನಾಯಿ ಮೇಲೆರಗಿದಾಗ ಹೆದರುವವರನ್ನು ಪುಕ್ಕಲರೆನ್ನುವುದೂ ನ್ಯಾಯವಲ್ಲ. ಕಾನೂನು ಕೂಡ ನಾಯಿಯ ಮನಸ್ಸನ್ನು ನೋಡುವುದಿಲ್ಲ. ಸಾಕಿದ ಪ್ರಾಣಿಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯವೋ ತೀವ್ರ ಗಾಯವೋ ಆಗದಂತೆ ಎಚ್ಚರ ವಹಿಸದವರನ್ನು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಅಪರಾಧಿಗಳೆಂದೇ ಎಣಿಸುತ್ತದೆ.

ಇಂಥ ನಾಯಿಯಿರುವ ಮನೆಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಕೆಲವರು ಅದನ್ನು ಮುದ್ದೆಂದು ಬಿಟ್ಟುಬಿಡುತ್ತಾರೆ. ಕೆಲವರು ಗದರಿ, ಮೊಣಕಾಲಲ್ಲಿ ಎದೆಗೆ ಒದ್ದು, ಚೈನ್ ಜಗ್ಗಿ ‘ಬುದ್ಧಿ ಕಲಿಸಲು’ ಹೊರಡುತ್ತಾರೆ. ಎರಡೂ ದಾರಿ ತಪ್ಪು, ಮತ್ತು ಎರಡರ ತಪ್ಪಿಗೂ ಬೇರು ಒಂದೇ ಎಂಬುದು ನನ್ನ ವಾದ. ಜನರ ಮೇಲೆ ಈ ನಾಯಿಗಿರುವ ಹುಚ್ಚು ಪ್ರೀತಿಯನ್ನು ಮೊದಲನೆಯವರು ಸಮಜಾಯಿಷಿ ಮಾಡಿಕೊಳ್ಳುತ್ತಾರೆ, ಎರಡನೆಯವರು ದೋಷವೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ತರಬೇತಿಗೆ ಅದಕ್ಕಿಂತ ದೊಡ್ಡ ಬಂಡವಾಳ ಬೇರೆ ಸಿಗುವುದಿಲ್ಲ. ಮನುಷ್ಯರ ಗಮನಕ್ಕಾಗಿ ಏನು ಮಾಡಲೂ ಸಿದ್ಧವಿರುವ ಪ್ರಾಣಿಗೆ, ಯಾವುದನ್ನು ಮಾಡಿದರೆ ಆ ಗಮನ ಸಿಗುತ್ತದೆ ಎಂದು ತಿಳಿಸಿಕೊಡುವುದಷ್ಟೇ ಉಳಿದಿರುವ ಕೆಲಸ.

ಆ ಪ್ರೀತಿ ಎಲ್ಲಿಂದ ಬಂತೆಂದು ನೋಡಿದರೆ ಹೊಡೆಯಲು ಕೈ ಏಳುವುದಿಲ್ಲ. ಮುಖದ ಹತ್ತಿರ ಹೋಗಿ ಬಾಯಿಯ ಅಂಚು ನೆಕ್ಕುವುದು ಮರಿಗಳ ಹುಟ್ಟುಗುಣ. ತೋಳದ ಮರಿಗಳು ಬೇಟೆ ಮುಗಿಸಿ ಬಂದ ಹಿರಿಯ ತೋಳಗಳ ಬಾಯಿಗೆ ಹೀಗೆಯೇ ಮೂತಿ ತಾಗಿಸುತ್ತವೆ, ಹಿರಿಯವು ನುಂಗಿ ತಂದ ಮಾಂಸವನ್ನು ಕಕ್ಕಿ ಕೊಡುತ್ತವೆ. ಮನುಷ್ಯರ ಮುಖ ಐದಡಿ ಎತ್ತರದಲ್ಲಿರುವುದರಿಂದ ನಮ್ಮ ನಾಯಿ ಹಾರಬೇಕಾಗುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಬ್ರಿಜೆಟ್ ವಾನ್‌ಹೋಲ್ಟ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಆಳಕ್ಕೆ ಹೋಯಿತು. ಮನುಷ್ಯರಲ್ಲಿ ವಿಲಿಯಮ್ಸ್ ಸಿಂಡ್ರೋಮ್ ಎಂಬ ಸ್ಥಿತಿಗೆ ಸಂಬಂಧಪಟ್ಟ ಜೀನ್‌ಗಳಲ್ಲಿನ ವ್ಯತ್ಯಾಸಗಳು ನಾಯಿಗಳ ಅತಿಯಾದ ಬೆರೆಯುವಿಕೆಗೂ ನಂಟು ಹೊಂದಿವೆ ಎಂದು ಅವರು ಕಂಡುಕೊಂಡರು. ಆ ಸಿಂಡ್ರೋಮ್ ಇರುವವರು ಅಪರಿಚಿತರೊಂದಿಗೂ ಹಿಂಜರಿಕೆಯಿಲ್ಲದೆ ಬೆರೆಯುತ್ತಾರೆ. ಪರೀಕ್ಷಿಸಿದ ನಾಯಿ ಮತ್ತು ತೋಳಗಳ ಸಂಖ್ಯೆ ಚಿಕ್ಕದಾಗಿದ್ದರಿಂದ ಅದನ್ನೇ ಕೊನೆಯ ಮಾತೆನ್ನಲಾಗದು. ಆದರೂ ಸ್ನೇಹ ನಾಯಿಯ ಮೈಯಲ್ಲೇ ಇದೆ ಎಂಬುದಕ್ಕೆ ಅದು ಗಟ್ಟಿಯಾದ ಸುಳಿವು. ಲ್ಯಾಬ್ರಡಾರ್ ವಿಷಯದಲ್ಲಂತೂ ಮನುಷ್ಯರ ಜೊತೆ ಸೇರಿ ದುಡಿಯುವ ಗುಣವನ್ನೇ ತಲೆಮಾರುಗಳ ಕಾಲ ಆರಿಸಿ ಬೆಳೆಸಲಾಗಿದೆ. ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿಗಳಿಂದ ಬ್ರಿಟನ್ನಿನಲ್ಲಿ ರೂಪುಗೊಂಡ ಈ ತಳಿಯ ಕೆಲಸ, ಗುಂಡು ತಗುಲಿ ಬಿದ್ದ ಹಕ್ಕಿಯನ್ನು ಹಲ್ಲು ನಾಟದಂತೆ ಹೆಕ್ಕಿ ತಂದು ಯಜಮಾನನ ಕೈಗೆ ಕೊಡುವುದು. ಜನರ ಬಳಿ ಓಡಿ ಬರುವುದೇ ಅದರ ವೃತ್ತಿಯಾಗಿತ್ತು.

ಹಾಗಾದರೆ ಹಾರುವುದೂ ಹುಟ್ಟುಗುಣವೇ, ತಿದ್ದಲಾಗದ್ದೇ? ಅಲ್ಲ. ಹುಟ್ಟಿನಿಂದ ಬಂದದ್ದು ಜನರ ಹಂಬಲ. ಹಾರಿದರೆ ಜನ ಸಿಗುತ್ತಾರೆ ಎಂಬ ತಿಳಿವಳಿಕೆ ಮಾತ್ರ ನಾವು ಕೊಟ್ಟದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನಡೆಸಿದ ಪ್ರಯೋಗಗಳಿಂದ ತಿಳಿದ ಸಂಗತಿ ಸರಳವಾದದ್ದು: ಯಾವ ವರ್ತನೆಯಿಂದ ಬೇಕಾದದ್ದು ದೊರೆಯುತ್ತದೋ ಆ ವರ್ತನೆ ಮರುಕಳಿಸುತ್ತದೆ. ಎರಡು ತಿಂಗಳ ಮರಿ ಮೊಣಕಾಲಿಗೆ ಹಾರಿದಾಗ ಇಡೀ ಮನೆ ಬಗ್ಗಿ ಎತ್ತಿಕೊಂಡು ಮುದ್ದಾಡುತ್ತದೆ. ನಾಲ್ಕು ತಿಂಗಳವರೆಗೂ ಇದೇ ಪಾಠ ದಿನಕ್ಕೆ ಹತ್ತಾರು ಬಾರಿ ನಡೆಯುತ್ತದೆ. ಆರನೇ ತಿಂಗಳಲ್ಲಿ ಮರಿಯ ಕಾಲು ಸೊಂಟಕ್ಕೆ, ಆಮೇಲೆ ಎದೆಗೆ ತಲುಪಿದಾಗ ಅದೇ ಮನೆಯವರು ‘ಛೀ, ಇಳಿ’ ಎಂದು ಕೂಗಿ ಎರಡೂ ಕೈಯಿಂದ ತಳ್ಳುತ್ತಾರೆ. ನಮಗೆ ಅದು ಶಿಕ್ಷೆ. ನಾಯಿಯ ಲೆಕ್ಕದಲ್ಲಿ ಕಣ್ಣಿಗೆ ಕಣ್ಣು ಸೇರಿತು, ದನಿ ಕೇಳಿತು, ಕೈ ಮೈಗೆ ತಾಗಿತು. ಬಯಸಿದ್ದೆಲ್ಲ ಸಿಕ್ಕಿತು. ಇದರ ಮೇಲೆ ಮನೆಗೆ ಬಂದ ನಾಲ್ವರಲ್ಲಿ ಒಬ್ಬರು ‘ಇರಲಿ ಬಿಡಿ, ನನಗೆ ನಾಯಿ ಇಷ್ಟ’ ಎಂದು ತಲೆ ಸವರುತ್ತಾರೆ. ಪ್ರತಿ ಸಲವೂ ಸಿಗುವ ಪ್ರತಿಫಲಕ್ಕಿಂತ ಆಗೊಮ್ಮೆ ಈಗೊಮ್ಮೆ ಸಿಗುವ ಪ್ರತಿಫಲವೇ ಅಭ್ಯಾಸವನ್ನು ಬಿಡದಂತೆ ಬೇರೂರಿಸುತ್ತದೆ ಎಂಬುದನ್ನು ಬಿ. ಎಫ್. ಸ್ಕಿನ್ನರ್ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ತೋರಿಸಿದ್ದರು.

ಇಲ್ಲಿ ಬರುವ ದೊಡ್ಡ ಆಕ್ಷೇಪ, ನಾಯಿಗೆ ಯಜಮಾನ ಯಾರೆಂದು ಗೊತ್ತಾಗಬೇಕು, ಹಾರುವುದೆಂದರೆ ಅದು ನಮ್ಮ ಮೇಲೆ ಅಧಿಕಾರ ಚಲಾಯಿಸುತ್ತಿದೆ ಎಂಬುದು. ಈ ನಂಬಿಕೆಯ ಮೂಲ ನಾಯಿಗಳಲ್ಲಿಲ್ಲ, ತೋಳಗಳಲ್ಲಿದೆ. ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಮೇಲ್ಮೆಯ ಕಾದಾಟವನ್ನು ವಿವರಿಸಿತ್ತು. ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಆ ಕಲ್ಪನೆಯನ್ನು ಹರಡಿದರು. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡು ತೋಳಗಳನ್ನು ವರ್ಷಾನುಗಟ್ಟಲೆ ಹತ್ತಿರದಿಂದ ನೋಡಿದ ಮೇಲೆ 1999ರಲ್ಲಿ ಅದೇ ಮೆಕ್, ತೋಳದ ಹಿಂಡೆಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರವೆಂದೂ ಅಲ್ಲಿ ಹೋರಾಡಿ ಗೆದ್ದ ದೊರೆ ಇರುವುದಿಲ್ಲವೆಂದೂ ಬರೆದರು. ತೋಳಗಳಿಗೇ ಹೊಂದದ ಸಿದ್ಧಾಂತವನ್ನು ಮುಖ ನೆಕ್ಕಲು ಹಾತೊರೆಯುವ ಲ್ಯಾಬ್ರಡಾರ್ ಮರಿಯ ಮೇಲೆ ಹೇರುವುದರಲ್ಲಿ ಅರ್ಥವಿಲ್ಲ. ಅಪಾಯವಂತೂ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹೊಡೆದ ಅಥವಾ ಒದ್ದ ಮಾಲೀಕರ ಪೈಕಿ ಶೇ. 43 ಮಂದಿಗೆ ನಾಯಿ ತಿರುಗಿ ಬಿದ್ದಿತ್ತು. ಬಲವಂತವಾಗಿ ಅಂಗಾತ ಕೆಡವಿ ಹಿಡಿದವರಲ್ಲಿ ಆ ಪ್ರಮಾಣ ಶೇ. 31. ಅವು ಮೊದಲೇ ವರ್ತನೆಯ ತೊಂದರೆಯೆಂದು ಆಸ್ಪತ್ರೆಗೆ ಬಂದ ನಾಯಿಗಳು, ಸಾಧು ನಾಯಿಗೆ ಈ ಲೆಕ್ಕ ಹೊಂದುವುದಿಲ್ಲ ಎನ್ನಬಹುದು. ಅದು ನಿಜ. ಆದರೆ ಪೋರ್ಚುಗಲ್‌ನ ಪೋರ್ಟೊದಲ್ಲಿ 92 ಸಾಮಾನ್ಯ ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಆ ಆಕ್ಷೇಪ ತಾಗದು. ಗದರಿಕೆ, ಚೈನ್ ಜಗ್ಗುವಿಕೆ ಹೆಚ್ಚಾಗಿದ್ದ ತರಬೇತಿ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಿದ್ದವು, ಪಾಠದ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಏರಿತ್ತು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಅತಿಥಿ ಬಂದಾಗಲೆಲ್ಲ ಪೆಟ್ಟು ತಿನ್ನುವ ನಾಯಿ, ಅತಿಥಿ ಎಂದರೆ ನೋವು ಎಂದು ಕಲಿಯಬಹುದು. ಆಗ ನಾವು ಹಾರುವ ಚಾಳಿಯನ್ನು ತೆಗೆಯಲು ಹೋಗಿ ಸ್ನೇಹವನ್ನೇ ತೆಗೆದಿರುತ್ತೇವೆ.

ಮಾಡಬೇಕಾದದ್ದೇನು? ‘ಹಾರಬೇಡ’ ಎಂಬುದು ನಾಯಿಗೆ ಅರ್ಥವಾಗುವ ಪಾಠವಲ್ಲ, ಅದರ ಬದಲು ಏನು ಮಾಡಬೇಕೆಂಬುದು ಅರ್ಥವಾಗುತ್ತದೆ. ಕೂತಿರುವ ನಾಯಿ ಹಾರಲಾರದು, ಆದ್ದರಿಂದ ಕೂರುವುದನ್ನೇ ಅದರ ನಮಸ್ಕಾರವಾಗಿಸಬೇಕು. ಮೊದಲು ಯಾರೂ ಬಾರದ ಶಾಂತ ಹೊತ್ತಿನಲ್ಲಿ, ತಿಂಡಿಯ ಚೂರನ್ನು ಮೂಗಿನ ಬಳಿ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ದರೆ ಹಿಂಭಾಗ ತಾನಾಗಿ ನೆಲಕ್ಕೆ ಇಳಿಯುತ್ತದೆ. ಕೂತ ಕ್ಷಣವೇ ಚೂರು ಬಾಯಿಗೆ ಹೋಗಬೇಕು, ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ನಾಯಿಗೆ ತಿಳಿಯದು. ಐದು ನಿಮಿಷದ ಪಾಠ ದಿನಕ್ಕೆ ಮೂರ್ನಾಲ್ಕು ಬಾರಿ ಸಾಕು. ಇದು ಪಕ್ಕಾ ಆದಮೇಲೆ ಮನೆಯವರೊಬ್ಬರು ಹೊರಹೋಗಿ ಬೆಲ್ ಮಾಡಿ ಒಳಬರಬೇಕು. ನಾಯಿಗೆ ಚೈನ್ ಹಾಕಿ, ನಿಲ್ಲಲು ಕೂರಲು ಸಲೀಸಾಗುವಷ್ಟು ಸಡಿಲ ಬಿಟ್ಟು, ಹಾರಲು ಸಾಲದಂತೆ ಉಳಿದದ್ದನ್ನು ಕಾಲಡಿ ಮೆಟ್ಟಿಕೊಂಡರೆ ಆಯಿತು. ಮುಂಗಾಲು ನೆಲ ಬಿಟ್ಟರೆ ಬಂದವರು ಮಾತಿಲ್ಲದೆ ಬೆನ್ನು ತಿರುಗಿಸಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಹತ್ತಿರ ಬಂದು, ಸಾಧ್ಯವಾದರೆ ಕುಕ್ಕರಗಾಲಲ್ಲಿ ಕೂತು, ಗದ್ದದ ಕೆಳಗೆ ಸವರುತ್ತಾರೆ. ತಿಂಡಿಯನ್ನು ಕೈ ಎತ್ತಿ ಕೊಡದೆ ನೆಲದ ಹತ್ತಿರ ಕೊಡುವುದು ಒಳ್ಳೆಯದು, ನಾಯಿಯ ಗಮನ ಕೆಳಗೇ ಉಳಿಯುತ್ತದೆ. ಮನೆಯವರೊಂದಿಗೆ ಕಲಿತದ್ದನ್ನು ಪಕ್ಕದ ಮನೆಯವರೊಂದಿಗೆ, ಆಮೇಲೆ ಪಾರ್ಕಿನಲ್ಲಿ, ಕೊನೆಗೆ ಲಿಫ್ಟಿನಲ್ಲಿ ಹೊಸದಾಗಿ ಕಲಿಸಬೇಕಾಗುತ್ತದೆ. ಜಾಗ ಬದಲಾದರೆ ನಾಯಿಗೆ ಪಾಠವೂ ಬದಲಾದಂತೆ.

ಈ ಹಾದಿಯಲ್ಲಿ ಹೆಚ್ಚಿನವರು ಸೋಲುವ ಜಾಗ ಒಂದಿದೆ, ಅದು ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ. ಇಷ್ಟು ದಿನ ಫಲಿಸುತ್ತಿದ್ದ ಹಾರಾಟ ಇದ್ದಕ್ಕಿದ್ದಂತೆ ಫಲಿಸದಾದಾಗ ನಾಯಿ ತಕ್ಷಣ ಬಿಡುವುದಿಲ್ಲ, ಇನ್ನೂ ಜೋರಾಗಿ ಹಾರುತ್ತದೆ, ಬೊಗಳುತ್ತದೆ, ಬಟ್ಟೆ ಎಳೆಯುತ್ತದೆ. ಕೆಟ್ಟು ನಿಂತ ಲಿಫ್ಟಿನ ಗುಂಡಿಯನ್ನು ನಾವು ಮತ್ತೆ ಮತ್ತೆ ಒತ್ತುತ್ತೇವಲ್ಲ, ಅದೇ ಇದು. ‘ಈ ವಿಧಾನದಿಂದ ನಾಯಿ ಇನ್ನೂ ಕೆಟ್ಟಿತು’ ಎಂದು ಮನೆಯವರು ಕೈಬಿಡುವುದು ಇದೇ ಘಳಿಗೆಯಲ್ಲಿ. ಆಗ ಯಾರಾದರೂ ಮಣಿದು ತಲೆ ಸವರಿದರೆ, ಜೋರಾಗಿ ಹಾರಿದರೆ ಮಾತ್ರ ಸಿಗುತ್ತದೆ ಎಂಬ ಹೊಸ ಪಾಠವನ್ನು ನಾವೇ ಹೇಳಿಕೊಟ್ಟಂತಾಗುತ್ತದೆ. ಹಾಗಾಗಿ ಮನೆಯ ಎಲ್ಲರೂ, ಅಜ್ಜಿಯಿಂದ ಮೊಮ್ಮಗನವರೆಗೆ, ಒಂದೇ ನಿಯಮ ಹಿಡಿಯದೆ ದಾರಿಯಿಲ್ಲ. ಚಿಕ್ಕ ಮಕ್ಕಳು ಕಿರುಚಿ ಓಡುತ್ತಾರೆ, ಓಡುವ ಮಗು ನಾಯಿಗೆ ಆಟ. ಅವರಿಂದ ಈ ಶಿಸ್ತನ್ನು ನಿರೀಕ್ಷಿಸುವುದು ತಪ್ಪು, ಅಂಥ ಹೊತ್ತಿನಲ್ಲಿ ನಾಯಿಯನ್ನು ಬೇರೆ ಕೋಣೆಯಲ್ಲಿಡುವುದೇ ಸರಿ. ನಿಯಮ ಪಾಲಿಸಲು ಒಪ್ಪದ ಅತಿಥಿ ಬಂದರೂ ಅಷ್ಟೇ. ಇದನ್ನು ಸೋಲೆಂದು ತಿಳಿಯಬೇಕಾಗಿಲ್ಲ, ತಪ್ಪು ಪಾಠ ನಡೆಯದಂತೆ ತಡೆದದ್ದೂ ತರಬೇತಿಯೇ.

ತಿಂಡಿ ಕೊಟ್ಟು ಕಲಿಸುವುದು ಲಂಚವಲ್ಲವೇ, ಕೈಯಲ್ಲಿ ತಿಂಡಿ ಇಲ್ಲದ ದಿನ ಮಾತು ಕೇಳುತ್ತದೆಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದು. ತಿಂಡಿ ತೋರಿಸಿ ‘ಕೂತರೆ ಕೊಡುತ್ತೇನೆ’ ಎಂದೇ ದಿನಗಟ್ಟಲೆ ಮುಂದುವರಿದರೆ ಅದು ಲಂಚವೇ ಆಗುತ್ತದೆ. ಕೆಲವು ದಿನಗಳಲ್ಲೇ ಬರಿಗೈ ಸನ್ನೆಗೆ ಬದಲಾಯಿಸಿ, ಕೂತ ಮೇಲೆ ಜೇಬಿನಿಂದ ತೆಗೆದು ಕೊಟ್ಟರೆ ಕೂಲಿಯಾಗುತ್ತದೆ. ಇನ್ನೂ ಮುಂದೆ ಹೋಗುವುದು ಸ್ನೇಹಪರ ನಾಯಿಯ ವಿಷಯದಲ್ಲಿ ಸುಲಭ. ಹೆಚ್ಚು ಇಷ್ಟದ ಕೆಲಸವೊಂದನ್ನು ಕಡಿಮೆ ಇಷ್ಟದ ಕೆಲಸಕ್ಕೆ ಪ್ರತಿಫಲವಾಗಿ ಬಳಸಬಹುದೆಂದು ಡೇವಿಡ್ ಪ್ರೀಮ್ಯಾಕ್ 1959ರಲ್ಲಿ ತೋರಿಸಿದರು. ಈ ನಾಯಿಗೆ ಅತಿ ಇಷ್ಟವಾದದ್ದು ಮನುಷ್ಯರನ್ನು ಮಾತಾಡಿಸುವುದು. ಕೂತರೆ ಮಾತಾಡಿಸುತ್ತಾರೆ ಎಂದು ತಿಳಿದ ಮೇಲೆ ತಿಂಡಿಯ ಅಗತ್ಯ ಬಹುಮಟ್ಟಿಗೆ ಮುಗಿಯುತ್ತದೆ, ಬಂದವರೇ ಕೂಲಿ. ಲ್ಯಾಬ್ರಡಾರ್ ಸಾಕುವವರು ತಿಂಡಿಯ ಲೆಕ್ಕ ಇಡಬೇಕಾದ ಬೇರೊಂದು ಕಾರಣವೂ ಇದೆ. ಕೇಂಬ್ರಿಡ್ಜ್‌ನ ಎಲಿನಾರ್ ರ‍್ಯಾಫನ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದಂತೆ, ಹೆಚ್ಚುಕಡಿಮೆ ನಾಲ್ಕು ಲ್ಯಾಬ್ರಡಾರ್‌ಗಳಲ್ಲಿ ಒಂದಕ್ಕೆ ಹಸಿವನ್ನು ಹೆಚ್ಚಿಸುವ ಜೀನ್ ದೋಷವಿದೆ. ತರಬೇತಿಯ ಚೂರುಗಳನ್ನು ದಿನದ ಊಟದಿಂದಲೇ ತೆಗೆದಿಟ್ಟುಕೊಳ್ಳಬೇಕು.

ಹಿಂದಿನವರ ನಾಯಿಗಳಿಗೆ ಯಾವ ಟ್ರೇನಿಂಗೂ ಇರಲಿಲ್ಲ ಎಂಬ ಮಾತಿಗೆ ಉತ್ತರ ಚಿಕ್ಕದು. ಆ ನಾಯಿಗಳು ಅಂಗಳದಲ್ಲಿ, ಹಟ್ಟಿಯ ಬಳಿ, ತೋಟದಲ್ಲಿ ಬೆಳೆದವು, ಓಡಾಡಲು ಊರೇ ಇತ್ತು. ಎರಡು ಬೆಡ್‌ರೂಮಿನ ಮನೆಯಲ್ಲಿ ದಿನದ ಬಹುಹೊತ್ತು ಒಂಟಿಯಾಗಿ ಕಳೆಯುವ ಲ್ಯಾಬ್ರಡಾರ್‌ಗೆ ಅದು ಯಾವುದೂ ಇಲ್ಲ. ಬೆಳಗಿನ ತಂಪಿನಲ್ಲೊಮ್ಮೆ, ಸಂಜೆಯೊಮ್ಮೆ ಅವಸರವಿಲ್ಲದೆ ಮೂಸುತ್ತ ನಡೆಯಲು ಬಿಡದೆ ಬರೀ ‘ಸಿಟ್’ ಹೇಳಿಕೊಡುವುದು ಅನ್ಯಾಯ, ಫಲವೂ ಕಡಿಮೆ.

ವಯಸ್ಸಾದರೆ ತಾನೇ ಸರಿಹೋಗುತ್ತದೆ ಎಂದು ಕಾಯುವವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಹೆಚ್ಚು ಅಪಾಯವಿದೆ. ಲೂಸಿ ಆಶರ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಅವುಗಳ ಮಿಶ್ರತಳಿಯ ನಾಯಿಗಳನ್ನು ಗಮನಿಸಿ 2020ರಲ್ಲಿ ಬರೆದ ಪ್ರಬಂಧ ಇದಕ್ಕೆ ನೇರವಾಗಿ ಸಂಬಂಧಿಸಿದ್ದು. ಐದು ತಿಂಗಳಲ್ಲಿ ಸಾಕಿದವರ ಮಾತಿಗೆ ಕೂರುತ್ತಿದ್ದ ನಾಯಿಗಳು ಎಂಟು ತಿಂಗಳಲ್ಲಿ ಅದೇ ಮಾತಿಗೆ ತಡಮಾಡಿದವು, ಅಪರಿಚಿತರು ಹೇಳಿದಾಗ ಮಾತ್ರ ಹಾಗಾಗಲಿಲ್ಲ. ಅದು ಹರೆಯ, ದಾಟಿಹೋಗುತ್ತದೆ. ಆದರೆ ದಾಟುವಷ್ಟರಲ್ಲಿ ನೂರಾರು ಸಲ ಫಲಿಸಿದ ಹಾರಾಟ ಗಟ್ಟಿಯಾಗಿರುತ್ತದೆ, ಮನೆಯವರ ತಾಳ್ಮೆ ಮುಗಿದಿರುತ್ತದೆ. ನಾಯಿಯನ್ನು ಟೆರೇಸಿನಲ್ಲಿ ಕಟ್ಟಿಹಾಕುವುದು, ಯಾರಿಗಾದರೂ ಕೊಟ್ಟುಬಿಡುವುದು ಶುರುವಾಗುವುದು ಇಂಥ ಹೊತ್ತಿನಲ್ಲೇ. ಅಮೆರಿಕದ ಆಶ್ರಯ ಕೇಂದ್ರಕ್ಕೆ ಒಪ್ಪಿಸಿದ ನಾಯಿಗಳ ಬಗ್ಗೆ ಗ್ಯಾರಿ ಪ್ಯಾಟ್ರೊನೆಕ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿ ತರಗತಿಗೆ ಹೋದ ನಾಯಿಗಳನ್ನು ಹೀಗೆ ಬಿಟ್ಟುಕೊಡುವ ಸಂಭವ ಕಡಿಮೆಯಿತ್ತು.

ಟ್ರೇನರ್ ನೆರವು ಪಡೆಯುವವರು ಹಣದ ಮಾತಿಗೆ ಮುಂಚೆ ಎರಡು ಪ್ರಶ್ನೆ ಕೇಳಲಿ. ನಾಯಿ ತಪ್ಪಿದಾಗ ನೀವು ಏನು ಮಾಡುತ್ತೀರಿ? ಕೊರಳು ಬಿಗಿಯುವ ಸರಪಳಿ, ಮುಳ್ಳಿನ ಪಟ್ಟಿ, ವಿದ್ಯುತ್ ಪಟ್ಟಿಯ ಹೆಸರು ಬಂದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ಎರಡನೆಯದು, ಪಾಠದ ಹೊತ್ತಿನಲ್ಲಿ ಚೈನ್ ಯಾರ ಕೈಯಲ್ಲಿರುತ್ತದೆ? ತಿಂಗಳು ಕಾಲ ತಮ್ಮಲ್ಲೇ ಇಟ್ಟುಕೊಂಡು ತಯಾರು ಮಾಡಿ ಕಳಿಸುತ್ತೇವೆ ಎನ್ನುವವರ ಬಳಿ ನಾಯಿ ಅವರ ಎದುರು ಕೂರಲು ಕಲಿತೀತು. ಮನೆಯ ಬೆಲ್ ಸದ್ದಿಗೆ, ಈ ಮನೆಯ ಅಜ್ಜಿಯ ಎದುರಿಗೆ, ಈ ಲಿಫ್ಟಿನೊಳಗೆ ಕೂರುವುದನ್ನು ಇಲ್ಲಿಯೇ, ಚೈನ್ ಮನೆಯವರ ಕೈಯಲ್ಲಿದ್ದಾಗಲೇ ಕಲಿಯಬೇಕು.